ಶಾಲೆಯಲ್ಲಿ ಹಾಗೂ ಅಂತರ್ಜಾಲದಲ್ಲಿ ಮಕ್ಕಳ ಹಿತರಕ್ಷಣೆ: ಪೋಷಕರಿಗೆ ಮಾಹಿತಿ

ಮಗುವಿನ ಶಿಕ್ಷಣವು ಶಾಲೆ ಮತ್ತು ಮನೆ ಎರಡರ ಹೊಣೆಯೂ ಆಗಿರುತ್ತದೆ. ಪಾಠ, ಆಟ, ಗೆಳೆತನಗಳು ಈಗ ಮೊಬೈಲ್ ಮೂಲಕವೂ ನಡೆಯುತ್ತಿರುವುದರಿಂದ ಪೋಷಕರ ಹೊಣೆ ಶಾಲೆಯ ಗೇಟಿಗೆ ಮುಗಿಯುವುದಿಲ್ಲ. ಕರ್ನಾಟಕದ ಪೋಷಕರು ತಿಳಿದಿರಬೇಕಾದ ಹಕ್ಕುಗಳು, ಮುನ್ನೆಚ್ಚರಿಕೆಗಳು ಹಾಗೂ ದೂರು ಸಲ್ಲಿಸುವ ಕ್ರಮವನ್ನು ಇಲ್ಲಿ ನೀಡಲಾಗಿದೆ.

1. ಶಾಸನಬದ್ಧ ಹಕ್ಕುಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ದಿನಾಂಕ 1-4-2010 ರಿಂದ ಜಾರಿಯಲ್ಲಿದ್ದು, 6 ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ.

ಅ) ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ (ಕಲಂ 14).
ಆ) ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಬಯಸುವ ಮಗುವಿಗೆ, ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂದು ಪ್ರವೇಶವನ್ನು ತಡೆಹಿಡಿಯುವಂತಿಲ್ಲ (ಕಲಂ 5). ಕಬ್ಬು ಕಟಾವು, ಇಟ್ಟಿಗೆ ಭಟ್ಟಿ, ಕಟ್ಟಡ ಕೆಲಸಗಳಿಗಾಗಿ ಊರು ಬದಲಿಸುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು.
ಇ) ಶಾಲೆಯಿಂದ ಹೊರಗುಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ನೀಡಬೇಕು (ಕಲಂ 4).
ಈ) ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆಯನ್ನು ನಿಷೇಧಿಸಲಾಗಿದೆ (ಕಲಂ 17).

2. ಶಾಲೆಯೊಂದಿಗೆ ಒಡನಾಟ

ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್.ಡಿ.ಎಂ.ಸಿ.) ಪೋಷಕರಿಗೆ ಸ್ಥಾನವಿರುತ್ತದೆ. ಅಧಿನಿಯಮದ ಪ್ರಕಾರ ಇಂತಹ ಸಮಿತಿಯ ಕನಿಷ್ಠ ನಾಲ್ಕನೇ ಮೂರು ಭಾಗದಷ್ಟು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶೌಚಾಲಯ, ಕುಡಿಯುವ ನೀರು, ಬಿಸಿಯೂಟ, ಶಿಕ್ಷಕರ ಕೊರತೆ ಮುಂತಾದ ವಿಷಯಗಳನ್ನು ಸಮಿತಿಯ ಸಭೆಯಲ್ಲಿ ಪ್ರಸ್ತಾಪಿಸಬಹುದು.

ಓದು ಬರಹ ಬಾರದ ಪೋಷಕರೂ ಮಗುವಿನ ಕಲಿಕೆಗೆ ನೆರವಾಗಬಹುದು. ಅಂದಿನ ಪಾಠವನ್ನು ಮಗುವಿನ ಬಾಯಿಂದಲೇ ಕೇಳುವುದು, ಪುಸ್ತಕವನ್ನು ಗಟ್ಟಿಯಾಗಿ ಓದಿಸುವುದು, ಹಾಜರಾತಿ ತಪ್ಪದಂತೆ ನೋಡಿಕೊಳ್ಳುವುದು ಇವಕ್ಕೆ ಅಕ್ಷರಜ್ಞಾನ ಬೇಕಿಲ್ಲ. ಮಗು ಪ್ರತಿದಿನ ಬೆಳಿಗ್ಗೆ ಹೊಟ್ಟೆನೋವೆಂದು ಶಾಲೆ ತಪ್ಪಿಸತೊಡಗಿದಲ್ಲಿ ಅಥವಾ ಇದ್ದಕ್ಕಿದ್ದಂತೆ ಮೌನವಾದಲ್ಲಿ, ಗದರಿಸುವ ಮೊದಲು ಕಾರಣವನ್ನು ವಿಚಾರಿಸಬೇಕು.

3. ಅಂತರ್ಜಾಲ ಬಳಕೆ: ಮುನ್ನೆಚ್ಚರಿಕೆಗಳು

ಅ) ಪಠ್ಯಪುಸ್ತಕದಲ್ಲಿ ಕ್ಯೂ.ಆರ್. ಕೋಡ್ ಮುದ್ರಿತವಾಗಿದ್ದಲ್ಲಿ ದೀಕ್ಷಾ ಆ್ಯಪ್ ಮೂಲಕ ಆ ಪಾಠದ ಸಾಮಗ್ರಿಯನ್ನು ನೋಡಬಹುದು. ಮೊಬೈಲನ್ನು ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂಬುದನ್ನು ಮಗುವಿನೊಂದಿಗೆ ಮೊದಲೇ ನಿಗದಿಪಡಿಸಿಕೊಳ್ಳಬೇಕು.
ಆ) ಮೊಬೈಲ್ ಬಳಕೆ ಮನೆಮಂದಿ ಓಡಾಡುವ ಜಾಗದಲ್ಲಿರಲಿ. ರಾತ್ರಿ ಮಲಗುವ ಕೋಣೆಯಲ್ಲಿ ಮಗುವಿನ ಬಳಿ ಮೊಬೈಲ್ ಇಡದಿರುವುದು ಒಳಿತು. ಹಿರಿಯರೂ ಈ ನಿಯಮ ಪಾಲಿಸಿದಲ್ಲಿ ಮಾತ್ರ ಮಕ್ಕಳು ಪಾಲಿಸುತ್ತಾರೆ.
ಇ) ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲನ್ನು ಆಟಕ್ಕೆ ಕೊಡುವಾಗ ಯು.ಪಿ.ಐ. ಪಿನ್ ಮಗುವಿಗೆ ತಿಳಿಯದಂತಿರಲಿ. ಓ.ಟಿ.ಪಿ.ಯನ್ನು ಯಾರಿಗೂ ಹೇಳಬಾರದೆಂದು ತಿಳಿಸಬೇಕು.
ಈ) ಶಾಲೆಯ ಹೆಸರಿರುವ ಸಮವಸ್ತ್ರದ ಚಿತ್ರ, ಮನೆ ವಿಳಾಸ, ಓಡಾಡುವ ಸಮಯ ಇವುಗಳನ್ನು ಅಪರಿಚಿತರಿಗೆ ಕಾಣುವಂತೆ ಪ್ರಕಟಿಸಬಾರದು. ಪೋಷಕರಿಗೂ ಇದು ಅನ್ವಯಿಸುತ್ತದೆ.
ಉ) “ಮನೆಯಲ್ಲಿ ಹೇಳಬೇಡ” ಎನ್ನುವ ಯಾವುದೇ ವ್ಯಕ್ತಿಯ ಬಗ್ಗೆ ತಕ್ಷಣ ಮನೆಯಲ್ಲಿ ಹೇಳಬೇಕೆಂಬುದನ್ನು ಮಗುವಿಗೆ ಕಲಿಸಬೇಕು.

4. ಮಗು ಬೆದರಿಕೆಗೆ ಒಳಗಾದಲ್ಲಿ

ಚಿತ್ರ ಅಥವಾ ವಿಡಿಯೊ ಬಹಿರಂಗಪಡಿಸುವುದಾಗಿ ಬೆದರಿಸಿ ಹಣ ಅಥವಾ ಇನ್ನಷ್ಟು ಚಿತ್ರ ಕೇಳುವ ಪ್ರಕರಣಗಳಲ್ಲಿ ಮಗು ಅಪರಾಧಿಯಲ್ಲ, ಸಂತ್ರಸ್ತ ಎಂಬುದನ್ನು ಪೋಷಕರು ಮೊದಲು ಮನಗಾಣಬೇಕು. ಬೈಗುಳದ ಭಯದಿಂದಲೇ ಮಕ್ಕಳು ವಿಷಯ ಮುಚ್ಚಿಡುತ್ತಾರೆ. ಬೆದರಿಸುವವರು ನೆಚ್ಚಿಕೊಂಡಿರುವುದೂ ಅದನ್ನೇ.

- ಹಣ ಕೊಡಬಾರದು. ಕೊಟ್ಟಷ್ಟೂ ಬೇಡಿಕೆ ಮುಂದುವರಿಯುವ ಸಾಧ್ಯತೆಯೇ ಹೆಚ್ಚು.
- ಸಂದೇಶಗಳನ್ನು ಅಳಿಸಬಾರದು. ಎದುರಿನವರ ಖಾತೆಯ ಹೆಸರು, ಸಂಖ್ಯೆ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಬೇಕು.
- ಮಗುವಿನ ಅಶ್ಲೀಲ ಚಿತ್ರವನ್ನು ಸಾಕ್ಷ್ಯವೆಂದು ಬಂಧುಗಳಿಗಾಗಲಿ ಶಾಲೆಯ ವಾಟ್ಸಾಪ್ ಗುಂಪಿಗಾಗಲಿ ಕಳುಹಿಸಬಾರದು. ಇಂತಹ ಚಿತ್ರದ ಪ್ರಸಾರವು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ರ ಕಲಂ 67ಬಿ ಅಡಿ ಶಿಕ್ಷಾರ್ಹ. ಮೊಬೈಲನ್ನು ಪೊಲೀಸರಿಗೆ ತೋರಿಸಿದರೆ ಸಾಕು.
- ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012 (ಪೋಕ್ಸೊ) ರಂತೆ ಇಂತಹ ಅಪರಾಧ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರ ಧರಿಸದೆ ದಾಖಲಿಸಬೇಕು. ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ. ಆದ್ದರಿಂದ ಮರ್ಯಾದೆಗೆ ಅಂಜಿ ದೂರು ನೀಡದಿರುವುದು ಸರಿಯಲ್ಲ.

5. ಸಹಾಯವಾಣಿಗಳು

1098 – ಮಕ್ಕಳ ಸಹಾಯವಾಣಿ
112 – ತುರ್ತು ಸ್ಪಂದನೆ
1930 – ಆನ್‌ಲೈನ್ ಹಣಕಾಸು ವಂಚನೆ (ಹಣ ಹೋದ ಕೂಡಲೇ ಕರೆ ಮಾಡಬೇಕು)
14416 – ಟೆಲಿ-ಮಾನಸ್, ಮಾನಸಿಕ ಆರೋಗ್ಯ ಸಲಹೆ

ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಕ್ಕಳ ವಿರುದ್ಧದ ಅಪರಾಧಗಳ ಬಗ್ಗೆ ಹೆಸರು ತಿಳಿಸದೆಯೂ ವರದಿ ಮಾಡಬಹುದು. ಮೊಬೈಲ್ ಬಿಡಲಾಗದ ಸ್ಥಿತಿ ತಲುಪಿದ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ‘ಶಟ್’ ಕ್ಲಿನಿಕ್‌ನಲ್ಲಿ ಚಿಕಿತ್ಸೆ ದೊರೆಯುತ್ತದೆ. ಇದು 2014 ರಲ್ಲಿ ಆರಂಭವಾಯಿತು.

6. ಶಾಲೆಗೆ ಸಂಬಂಧಿಸಿದ ದೂರುಗಳು

ಮೊದಲು ಮುಖ್ಯ ಶಿಕ್ಷಕರಿಗೆ, ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ನಂತರ ಜಿಲ್ಲಾ ಉಪನಿರ್ದೇಶಕರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಮಗುವಿನ ಹೆಸರು, ತರಗತಿ, ಶಾಲೆ, ಘಟನೆಯ ದಿನಾಂಕ ಹಾಗೂ ಕೋರಿದ ಪರಿಹಾರವನ್ನು ನಮೂದಿಸಿ, ಸ್ವೀಕೃತಿ ಪಡೆಯಬೇಕು. ಶಿಕ್ಷಣ ಹಕ್ಕು ಅಧಿನಿಯಮದ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಿದ ದೂರು 3 ತಿಂಗಳೊಳಗೆ ಇತ್ಯರ್ಥವಾಗಬೇಕು (ಕಲಂ 32). ತೀರ್ಮಾನ ಸಮಾಧಾನಕರವಲ್ಲದಿದ್ದಲ್ಲಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಸೂಚನೆ: ಮಗುವಿನ ಸುರಕ್ಷತೆಗೆ ಅಪಾಯವಿರುವ ಸಂದರ್ಭದಲ್ಲಿ ಈ ಹಂತಗಳಿಗಾಗಿ ಕಾಯದೆ ನೇರವಾಗಿ 1098 ಅಥವಾ 112 ಕ್ಕೆ ಕರೆ ಮಾಡತಕ್ಕದ್ದು.