ಹೆಸರಿಲ್ಲದ ಫೋಟೊ, ಹೆಸರಿದ್ದ ಕಾಗದಗಳು



ಮನೆಯ ಹಳೆಯ ಟ್ರಂಕು ತೆರೆದರೆ ನಮಗೆ ಎರಡು ಬಗೆಯ ನೆನಪುಗಳು ಸಿಗುತ್ತವೆ. ಕಾಗದದ ಕೊನೆಯಲ್ಲಿ ಬರೆದವರ ಹೆಸರಿರುತ್ತದೆ, ಮುಖ ಇರುವುದಿಲ್ಲ. ಫೋಟೊದಲ್ಲಿ ಮುಖ ಇರುತ್ತದೆ, ಹೆಸರು ಇರುವುದಿಲ್ಲ. ಇವೆರಡನ್ನೂ ಒಂದೇ ಹೆಸರು ಕೂಡಿಸಿದಾಗ ಏನಾಗುತ್ತದೆ? ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ನಡೆದ ಒಂದು ಘಟನೆಯನ್ನು ಈ ಸಲ ನಿಮ್ಮ ಮುಂದಿಡುತ್ತಿದ್ದೇವೆ.

1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾ ರಾಜ್ಯದ ಗೆಟ್ಟಿಸ್‌ಬರ್ಗ್ ಪಟ್ಟಣದಲ್ಲಿ ಉತ್ತರದ ಮತ್ತು ದಕ್ಷಿಣದ ಸೇನೆಗಳು ಕಾದಾಡಿದವು. ಯುದ್ಧ ಮುಗಿದ ಮೇಲೆ ಪಟ್ಟಣದ ಒಂದು ಖಾಲಿ ಜಾಗದಲ್ಲಿ ಉತ್ತರದ ಸೈನಿಕನೊಬ್ಬನ ಶವ ಸಿಕ್ಕಿತು. ಆಗಿನ ಸೈನಿಕರಿಗೆ ಸರಕಾರ ಗುರುತಿನ ಬಿಲ್ಲೆ ಕೊಡುತ್ತಿರಲಿಲ್ಲ. ಇವನು ಯಾರು, ಯಾವ ಊರಿನವನು ಎಂದು ತಿಳಿಯಲು ದಾರಿಯೇ ಇರಲಿಲ್ಲ. ಅವನ ಕೈಯಲ್ಲಿದ್ದದ್ದು ಒಂದೇ ವಸ್ತು, ಮೂವರು ಮಕ್ಕಳ ಫೋಟೊ.

ಅದು ಆಂಬ್ರೊಟೈಪ್ ಎಂಬ ಬಗೆಯ ಫೋಟೊ. ಗಾಜಿನ ಮೇಲೆ ನೇರವಾಗಿ ಮೂಡಿಸುವ ಚಿತ್ರವಾದ್ದರಿಂದ ಅದಕ್ಕೆ ಇನ್ನೊಂದು ಪ್ರತಿ ಇರುವುದಿಲ್ಲ. ಈ ಫೋಟೊ ಒಬ್ಬ ಹೋಟೆಲಿನವನ ಕೈ ಸೇರಿತ್ತು. ಗಾಯಾಳುಗಳ ಸೇವೆಗೆ ಹೊರಟಿದ್ದ ಫಿಲಡೆಲ್ಫಿಯಾದ ಡಾಕ್ಟರ್ ಜಾನ್ ಫ್ರಾನ್ಸಿಸ್ ಬಾರ್ನ್ಸ್ ಅವರ ಗಾಡಿ ದಾರಿಯಲ್ಲಿ ಕೆಟ್ಟು ನಿಂತಾಗ ಅವರು ಅದನ್ನು ನೋಡಿದರು. ಈ ಮಕ್ಕಳ ಮನೆಯನ್ನು ಹುಡುಕಬೇಕು ಎಂದುಕೊಂಡು ಕೇಳಿ ಪಡೆದರು.

ಹುಡುಕುವುದು ಹೇಗೆ? ಆಗಿನ ಪತ್ರಿಕೆಗಳಿಗೆ ಫೋಟೊ ಅಚ್ಚು ಹಾಕಲು ಬರುತ್ತಿರಲಿಲ್ಲ. ಆದ್ದರಿಂದ ಚಿತ್ರವನ್ನು ಮಾತಿನಲ್ಲೇ ಬರೆಯಬೇಕಾಯಿತು. 1863ರ ಅಕ್ಟೋಬರ್ 19ರ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆ, ಇವನು ಯಾರ ತಂದೆ ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿ ಸುದ್ದಿ ಹಾಕಿತು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಚಿಕ್ಕವನು ನಡುವೆ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದಾನೆ. ದೊಡ್ಡ ಹುಡುಗನ ಅಂಗಿಯ ಬಟ್ಟೆಯೂ ತಂಗಿಯ ಫ್ರಾಕಿನ ಬಟ್ಟೆಯೂ ಒಂದೇ. ಒಂದೇ ತುಂಡಿನಿಂದ ಇಬ್ಬರಿಗೂ ಬಟ್ಟೆ ಹೊಲಿಯುವುದು ನಮ್ಮ ಅಮ್ಮಂದಿರಿಗೂ ಗೊತ್ತಿರುವ ವಿಷಯವೇ. ಹೊಲಿಸಿದ ತಾಯಿ ಇದನ್ನು ಓದಿದರೆ ಮರೆಯುವುದುಂಟೇ?

ಬೇರೆ ಪತ್ರಿಕೆಗಳೂ ಈ ಸುದ್ದಿಯನ್ನು ಎತ್ತಿ ಹಾಕಿದವು. ಅವುಗಳಲ್ಲಿ ಒಂದು, ಅಮೆರಿಕನ್ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ವಾರಪತ್ರಿಕೆ, ನ್ಯೂಯಾರ್ಕ್ ರಾಜ್ಯದ ಪೋರ್ಟ್‌ವಿಲ್ ಎಂಬ ಚಿಕ್ಕ ಊರನ್ನು ಮುಟ್ಟಿತು. ಅಲ್ಲಿ ಫಿಲಿಂಡಾ ಹ್ಯೂಮಿಸ್ಟನ್ ಎಂಬ ತಾಯಿ ಮೂವರು ಮಕ್ಕಳೊಂದಿಗೆ ಗಂಡನ ಕಾಗದಕ್ಕಾಗಿ ಕಾಯುತ್ತಿದ್ದಳು. ಗೆಟ್ಟಿಸ್‌ಬರ್ಗ್ ಯುದ್ಧದ ನಂತರ ಒಂದೂ ಬಂದಿರಲಿಲ್ಲ.

ಗಂಡ ಏಮೊಸ್ ಹ್ಯೂಮಿಸ್ಟನ್ ಕುದುರೆಗಳಿಗೆ ಚರ್ಮದ ಸಜ್ಜು ಹೊಲಿಯುವ ಕಸುಬಿನವನು. ಹರೆಯದಲ್ಲಿ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವನು. 1862ರಲ್ಲಿ ಸೇನೆ ಸೇರಿ ನ್ಯೂಯಾರ್ಕಿನ 154ನೇ ದಳದಲ್ಲಿ ಸಾರ್ಜೆಂಟ್ ಆಗಿದ್ದ. ಅವನು ಮನೆಗೆ ಬರೆದ ಕಾಗದಗಳು ಉಳಿದಿವೆ. 1863ರ ಮೇ ತಿಂಗಳ ಕಾಗದದಲ್ಲಿ, ಹೆಂಡತಿ ಕಳುಹಿಸಿದ ಮಕ್ಕಳ ಫೋಟೊ ಕೈಸೇರಿದ ಸಂತೋಷವನ್ನು ಬರೆದಿದ್ದಾನೆ. ಅದೇ ಆ ಗಾಜಿನ ಫೋಟೊ.

ಪೋರ್ಟ್‌ವಿಲ್‌ನಿಂದ ಡಾಕ್ಟರಿಗೆ ಕಾಗದ ಹೋಯಿತು. ಅವರು ಗಾಜಿನ ಚಿತ್ರದಿಂದ ಕಾಗದದ ಪ್ರತಿ ತೆಗೆಸಿ ಕಳುಹಿಸಿದರು. ನವೆಂಬರಿನಲ್ಲಿ ಫಿಲಿಂಡಾ ಲಕೋಟೆ ತೆರೆದು ನೋಡಿದಾಗ ಕಂಡದ್ದು ತನ್ನದೇ ಮಕ್ಕಳು: ಫ್ರಾಂಕ್, ಆಲಿಸ್, ಫ್ರೆಡ್. ಸತ್ತ ಸೈನಿಕನಿಗೆ ಹೆಸರು ಸಿಕ್ಕಿತು. ಆ ಹೆಸರು ಸಿಕ್ಕ ಕ್ಷಣವೇ ಫಿಲಿಂಡಾ ವಿಧವೆ, ಮಕ್ಕಳು ತಬ್ಬಲಿಗಳು. ಈ ಕಥೆಯ ಸಂತೋಷವನ್ನೂ ದುಃಖವನ್ನೂ ನಮ್ಮಿಂದ ಬೇರೆ ಮಾಡಲಾಗುತ್ತಿಲ್ಲ.

ಮುಂದೆ ಆ ಫೋಟೊದ ಪ್ರತಿಗಳನ್ನು ಮಾರಿ ಹಣ ಕೂಡಿಸಿದರು. 1866ರಲ್ಲಿ ಸೈನಿಕರ ಅನಾಥ ಮಕ್ಕಳಿಗಾಗಿ ಗೆಟ್ಟಿಸ್‌ಬರ್ಗಿನಲ್ಲಿ ಒಂದು ಆಶ್ರಮ ತೆರೆಯಿತು. ಹ್ಯೂಮಿಸ್ಟನ್ ಮಕ್ಕಳೂ ಅಲ್ಲಿ ಬೆಳೆದರು, ತಾಯಿ ಅಲ್ಲೇ ಕೆಲಸಕ್ಕಿದ್ದಳು. ಆದರೆ ಮುಂದಿನ ವರ್ಷಗಳಲ್ಲಿ ಅಲ್ಲಿನ ಮೇಲ್ವಿಚಾರಕಿ ಮಕ್ಕಳಿಗೆ ಕ್ರೂರ ಶಿಕ್ಷೆ ಕೊಡುತ್ತಾಳೆಂಬ ದೂರು ಬಂತು. ಹಣದ ವಿಷಯದಲ್ಲಿ ಸ್ವತಃ ಬಾರ್ನ್ಸ್ ಅವರ ಮೇಲೂ ಆರೋಪ ಬಂತು. 1877ರಲ್ಲಿ ಆಶ್ರಮ ಮುಚ್ಚಿತು. ಒಳ್ಳೆಯ ಕೆಲಸ ಚೆನ್ನಾಗಿ ಆರಂಭವಾದರೆ ಸಾಲದು, ಕೊನೆಯವರೆಗೂ ಲೆಕ್ಕ ಒಪ್ಪಿಸುತ್ತಿರಬೇಕು ಎಂಬ ಪಾಠವನ್ನೂ ಇಲ್ಲಿ ಬಿಡುವಂತಿಲ್ಲ.

ಗೆಟ್ಟಿಸ್‌ಬರ್ಗಿನ ರಾಷ್ಟ್ರೀಯ ಸ್ಮಶಾನದಲ್ಲಿ ಹೆಸರೇ ಗೊತ್ತಿಲ್ಲದ ನೂರಾರು ಸೈನಿಕರು ಮಲಗಿದ್ದಾರೆ. ಏಮೊಸ್‌ನ ಸಮಾಧಿಯ ಮೇಲೆ ಹೆಸರಿದೆ. ಅವನು ಉಳಿದವರಿಗಿಂತ ದೊಡ್ಡ ವೀರನೆಂದಲ್ಲ. ಒಬ್ಬ ತಾಯಿ ಫೋಟೊ ಕಳುಹಿಸಿದಳು, ಒಬ್ಬ ಅಪರಿಚಿತ ಅದನ್ನು ಬಿಸಾಡಲಿಲ್ಲ, ಒಂದು ಪತ್ರಿಕೆ ಊರಿಂದೂರಿಗೆ ಹೋಯಿತು, ಅಷ್ಟೇ.

ಮಿತ್ರರೇ, ಈ ಭಾನುವಾರ ನಿಮ್ಮ ಮನೆಯ ಹಳೆಯ ಫೋಟೊಗಳನ್ನು ಹಿಡಿದು ಅಜ್ಜಿಯ ಪಕ್ಕ ಕುಳಿತುಕೊಳ್ಳಿ. ಒಬ್ಬೊಬ್ಬರ ಹೆಸರು ಕೇಳಿ, ಫೋಟೊದ ಹಿಂದೆ ಮೆಲ್ಲಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯಬಹುದು. ಅಜ್ಜಿ ಹೇಳುವಷ್ಟು ದಿನ ಮಾತ್ರ ಆ ಹೆಸರುಗಳು ಸಿಗುತ್ತವೆ.