ಒಂದು ಪದ ಅಳಿಸಲು ಮೂವತ್ತೊಂಬತ್ತು ವರ್ಷ

ನಮ್ಮ ತಾಲ್ಲೂಕು ಊರುಗಳಿಗೆ ಕಾಲಿಡುವ ರಸ್ತೆಯ ತಿರುವಿನಲ್ಲಿ, ಊರಿನ ಹೆಸರಿನ ಫಲಕದ ಪಕ್ಕ, ಹಲ್ಲುಗಳುಳ್ಳ ಒಂದು ಚಕ್ರವನ್ನೋ ಎರಡು ಸಿಂಹಗಳ ಮುಖವನ್ನೋ ನೀವೂ ನೋಡಿರುತ್ತೀರಿ. ಚಕ್ರ ರೋಟರಿಯದು, ಸಿಂಹ ಲಯನ್ಸ್‌ನದು. ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ, ಆಸ್ಪತ್ರೆಯ ನೀರಿನ ತೊಟ್ಟಿಯ ಮೇಲೆ, ಕಡೆಗೆ ಸ್ಮಶಾನದ ಗೇಟಿನ ಮೇಲೂ ಅವೇ ಗುರುತುಗಳು. ಕಣ್ಣಿನ ಶಿಬಿರ, ರಕ್ತದಾನ, ಬಡಮಕ್ಕಳಿಗೆ ನೋಟ್‌ಬುಕ್ಕು ಎಂದರೆ ಅವರೇ ಎಂಬುದು ಊರಿಗೆಲ್ಲ ಗೊತ್ತು. ಆದರೆ ರೋಟರಿಯ ನಿಯಮಾವಳಿಯಲ್ಲಿ ಬಹುಕಾಲ ಒಂದು ಪದ ಕುಳಿತಿತ್ತು, ಅದನ್ನು ಅಳಿಸಿ ಎಂದು 1950ರಲ್ಲೇ ಕೇಳಿದ್ದು ನಮ್ಮ ದೇಶದ ಒಂದು ಕ್ಲಬ್ಬು, ಅಳಿಸಿದ್ದು 1989ರಲ್ಲಿ ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. ಆ ಪದ 'ಪುರುಷ'.

ಈ ಕಥೆಯನ್ನು ಮೊದಲಿನಿಂದ ಹೇಳಬೇಕು. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಸ್ನೇಹಿತರ ಜೊತೆ ಕುಳಿತರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರು, ಇನ್ನೊಬ್ಬರು ದರ್ಜಿ. ಒಂದು ವಾರ ಒಬ್ಬರ ಕಚೇರಿ, ಮರುವಾರ ಇನ್ನೊಬ್ಬರ ಕಚೇರಿ, ಹೀಗೆ ಸರದಿಯ ಮೇಲೆ ಸೇರುತ್ತಿದ್ದರಿಂದ ರೋಟರಿ ಎಂಬ ಹೆಸರು ಬಂತು. ದೊಡ್ಡ ನಗರದಲ್ಲಿ ಗುರುತು ಪರಿಚಯವಿಲ್ಲದ ಒಂಟಿತನ ಕಳೆಯಲೆಂದು ಶುರುವಾದ ಕೂಟ ಅದು. ಸೇವೆ ಆಮೇಲೆ ಬಂತು. 1907ರಲ್ಲಿ ಅವರು ಕೈಹಾಕಿದ ಮೊದಲ ಊರ ಕೆಲಸ ಏನು ಗೊತ್ತೆ? ಸಾರ್ವಜನಿಕ ಶೌಚಾಲಯ! ಗಂಡಸರಿಗೆ ಹೆಂಡದಂಗಡಿಗಳಲ್ಲಿ ವ್ಯವಸ್ಥೆ ಇದೆ, ಹೆಂಗಸರಿಗೆ ದೊಡ್ಡ ಬಟ್ಟೆ ಅಂಗಡಿಗಳಲ್ಲಿದೆ, ಇನ್ನೇಕೆ ಬೇಕು ಎಂದು ವ್ಯಾಪಾರಿಗಳು ಅಡ್ಡ ಬಂದರು. ಹಣ ಖರ್ಚು ಮಾಡದೆ ಅಲ್ಲಿಗೆ ಹೋಗುವುದು ಹೇಗೆ ಎಂದು ಇವರು ಪಟ್ಟು ಹಿಡಿದರು. ಎರಡು ವರ್ಷದಲ್ಲಿ ಕಟ್ಟಡ ಎದ್ದಿತು. ಸಂತೆಗೆಂದು ಹಳ್ಳಿಯಿಂದ ಬಂದು ಸಂಜೆಯವರೆಗೆ ನೀರು ಕುಡಿಯದೆ ಕೂರುವ ಹೆಂಗಸರನ್ನು ಕಂಡ ನನಗೆ ಈ ಶುರುವಾತು ಬಹಳ ಹಿಡಿಸಿತು.

ಇಂಡಿಯಾಕ್ಕೆ ಈ ಚಕ್ರ ಉರುಳಿ ಬಂದದ್ದು 1919ರಲ್ಲಿ, ಕಲ್ಕತ್ತೆಗೆ. ಬೆಂಗಳೂರಿನಲ್ಲಿ ಕ್ಲಬ್ಬು ಆರಂಭವಾದದ್ದು 1934ರಲ್ಲಿ. ಎಲ್ಲಿ ಹೋದರೂ ಸಭೆಯ ಕ್ರಮ ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರು ಪುಟ್ಟ ಗಂಟೆ ಬಾರಿಸುತ್ತಾರೆ. ಹುಟ್ಟುಹಬ್ಬದವರಿಗೆ ಅಭಿನಂದನೆ, ಕಾರ್ಯದರ್ಶಿಯ ವರದಿ. ಅನಂತರ ಅತಿಥಿಯ ಭಾಷಣ. ಶಾಲು, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ, ವಂದನಾರ್ಪಣೆ, ಊಟ. ಹಣ ಕೂಡಿಸುವ ಬಗೆಗಳೂ ನಮಗೆ ಹೊಸವಲ್ಲ. ಅಂಗಡಿಗಳ ಜಾಹೀರಾತು ತುಂಬಿದ ಸ್ಮರಣ ಸಂಚಿಕೆ, ಸಹಾಯಾರ್ಥ ನಾಟಕ ಅಥವಾ ಯಕ್ಷಗಾನ, ಲಾಟರಿ ಚೀಟಿ, ತಿಂಡಿ ಮಳಿಗೆ. ಶಿಕ್ಷಕರ ದಿನಾಚರಣೆಯ ನೆಪದಲ್ಲಿ ನಾನೂ ಎರಡು ಮೂರು ಬಾರಿ ಇಂಥ ಸಭೆಗಳಲ್ಲಿ ಮಾತಾಡಿದ್ದೇನೆ. ಇಪ್ಪತ್ತು ನಿಮಿಷ ಮೀರುವಂತಿಲ್ಲ. ಗಂಟೆ ಹೊಡೆದಂತೆ ಮುಗಿಸುವುದು ನಮಗೆ ಅಭ್ಯಾಸವಿರುವುದರಿಂದ ಟೀಚರುಗಳೆಂದರೆ ಅವರಿಗೆ ಇಷ್ಟ.

ಈ ಎಲ್ಲದರ ನಡುವೆ ಹೆಂಗಸರು ಎಲ್ಲಿದ್ದರು? ಇದ್ದರು, ಮನೆಯವರಾಗಿ ಇದ್ದರು. ಅಮೆರಿಕದಲ್ಲಿ ಸದಸ್ಯರ ಹೆಂಡತಿಯರನ್ನು 'ರೋಟರಿ ಆನ್' ಎಂದು ಕರೆಯುವ ರೂಢಿ 1914ರ ಸುಮಾರಿಗೆ ಬಂತು. ಆನ್ ಎಂಬ ಹೆಸರಿನ ಒಬ್ಬ ಸದಸ್ಯರ ಪತ್ನಿ ಸಮಾವೇಶಕ್ಕೆ ರೈಲಿನಲ್ಲಿ ಹೊರಟಿದ್ದಾಗ ಹುಟ್ಟಿದ ತಮಾಷೆ ಅದು. ಆ ತಮಾಷೆ ಸಮುದ್ರ ದಾಟಿ ನಮ್ಮಲ್ಲಿಗೂ ಬಂದು ಬೇರುಬಿಟ್ಟಿತು. ನಮ್ಮೂರಿನ ಆಮಂತ್ರಣ ಪತ್ರಿಕೆಗಳಲ್ಲಿ ಗಂಡನ ಹೆಸರಿನ ಮುಂದೆ 'ರೊ.' ಎಂದೂ ಹೆಂಡತಿಯ ಹೆಸರಿನ ಮುಂದೆ 'ಆನ್' ಎಂದೂ ಅಚ್ಚಾಗುತ್ತಿತ್ತು. ಮಕ್ಕಳು 'ಆನೆಟ್'ಗಳು. ನಮ್ಮ ಲಲಿತಾ, ಸರೋಜಾ, ಪ್ರೇಮಾರೆಲ್ಲ ಎಂದೂ ಕಾಣದ ಒಬ್ಬಾಕೆಯ ಹೆಸರನ್ನು ತಮ್ಮ ಹೆಸರಿಗೆ ಮುಂಚೆ ಇಟ್ಟುಕೊಂಡು ಸಭೆಗೆ ಬಂದರು. ನಾಟಕದ ಟಿಕೆಟ್ಟನ್ನು ಮನೆಮನೆಗೆ ಹೋಗಿ ಮಾರಿದವರೂ ಅವರೇ, ಮಳಿಗೆಗೆ ಕೋಡುಬಳೆ ಕರಿದವರೂ ಅವರೇ. ಬಂದ ಹಣ ಎಲ್ಲಿಗೆ ಹೋಗಬೇಕೆಂದು ತೀರ್ಮಾನವಾಗುವ ಹೊತ್ತಿಗೆ ಅವರು ಊಟದ ಮೇಜಿನ ಬಳಿ ಇರುತ್ತಿದ್ದರು.

ಹೆಂಗಸು ಅತಿಥಿಯಾಗಿ ಮಾತಾಡಬಹುದಿತ್ತು, ಅದಕ್ಕೆ ಅಡ್ಡಿ ಇರಲಿಲ್ಲ. ಇದಕ್ಕೆ ಹೆಲನ್ ಕೆಲ್ಲರ್‌ಗಿಂತ ದೊಡ್ಡ ಉದಾಹರಣೆ ಸಿಗಲಾರದು. ಕಣ್ಣು ಕಾಣದ, ಕಿವಿ ಕೇಳದ ಆಕೆ 1925ರ ಜೂನ್ 30ರಂದು ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಲಯನ್ಸ್ ಸಂಸ್ಥೆಯ ಸಮಾವೇಶದಲ್ಲಿ ಮಾತಾಡಿದರು. ಅಂಧರ ಕೆಲಸವನ್ನು ನಿಮ್ಮದಾಗಿ ಮಾಡಿಕೊಳ್ಳಿ ಎಂದು ಬೇಡಿಕೊಂಡರು. ಲಯನ್ಸ್ ಅಂದಿನಿಂದ ಕಣ್ಣಿನ ಕೆಲಸ ಬಿಟ್ಟಿಲ್ಲ. ನಮ್ಮ ಊರಿನ ಅಜ್ಜಿಯರು ಶಿಬಿರದಲ್ಲಿ ಪೊರೆ ತೆಗೆಸಿಕೊಂಡು, ಹಸಿರು ಪಟ್ಟಿ ಕಟ್ಟಿಕೊಂಡು ಮನೆಗೆ ಬರುವಾಗ ಅದರ ಹಿಂದೆ ಆ ಒಂದು ಭಾಷಣವಿದೆ. ಆದರೆ ಆ ಸಂಸ್ಥೆ ಹೆಂಗಸರನ್ನು ಸದಸ್ಯರಾಗಿ ಬರಮಾಡಿಕೊಂಡದ್ದು 1987ರಲ್ಲಿ. ದಾರಿ ತೋರಿಸಿದವಳ ಪೈಕಿಯವರಿಗೆ ಒಳಗೆ ಜಾಗ ಸಿಗಲು ಅರವತ್ತೆರಡು ವರ್ಷ.

ಕಾದು ಕೂರದವರೂ ಇದ್ದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮಾರ್ಗರೆಟ್ ಗೋಲ್ಡಿಂಗ್ ಎಂಬಾಕೆ ನರ್ಸ್ ತರಬೇತಿ ಪಡೆದವರು, ಸ್ವಂತ ವ್ಯಾಪಾರ ನಡೆಸಿದವರು. ರೋಟರಿ ಸದಸ್ಯರ ಹೆಂಡತಿಯರನ್ನು ಸೇರಿಸಿ ಅವರು 1924ರ ಜನವರಿ 10ರಂದು 'ಇನ್ನರ್ ವ್ಹೀಲ್' ಎಂಬ ಸಂಸ್ಥೆಯನ್ನೇ ಕಟ್ಟಿದರು. ದೊಡ್ಡ ಚಕ್ರದೊಳಗೆ ಒಂದು ಚಿಕ್ಕ ಚಕ್ರ. ಅವರ ಮೊದಲ ಕೂಟ ನಡೆದದ್ದು ಒಂದು ಸಾರ್ವಜನಿಕ ಸ್ನಾನಗೃಹದ ಕೋಣೆಯಲ್ಲಂತೆ! ನಮ್ಮ ದೇಶದಲ್ಲಿ ಇದರ ಮೊದಲ ಕ್ಲಬ್ಬು 1955ರಲ್ಲಿ ಅಹಮದಾಬಾದಿನಲ್ಲಿ ಆರಂಭವಾಯಿತು. ಇಂದು ಕರ್ನಾಟಕದ ಎಷ್ಟೋ ಊರುಗಳಲ್ಲಿದೆ. ಯಾವ ಸಭೆಗೆ ಯಾವ ಬಣ್ಣದ ಸೀರೆ ಎಂಬ ಚರ್ಚೆಯೇ ಅಲ್ಲಿ ಜಾಸ್ತಿ ಎಂದು ನಗುವವರುಂಟು. ನಗಲಿ. ಲೆಕ್ಕ ಬರೆಯುವುದು, ಠರಾವು ಮಂಡಿಸುವುದು, ಮೈಕಿನ ಮುಂದೆ ಕೈ ನಡುಗದೆ ನಿಲ್ಲುವುದು, ಇವನ್ನೆಲ್ಲ ನಮ್ಮ ಊರಿನ ಎಷ್ಟೋ ಗೃಹಿಣಿಯರು ಕಲಿತದ್ದು ಅಲ್ಲಿಯೇ.

ಇನ್ನು ಆ ಪದದ ವಿಚಾರ. 1950ರ ರೋಟರಿ ಸಮಾವೇಶದಲ್ಲಿ, ಕ್ಲಬ್ಬಿನ ನಿಯಮಾವಳಿಯಿಂದ 'ಪುರುಷ' ಎಂಬುದನ್ನು ಕೈಬಿಡಬೇಕೆಂದು ಭಾರತದ ಕ್ಲಬ್ಬೊಂದು ಸೂಚನೆ ಕಳಿಸಿತು. ನಮ್ಮ ಸಂವಿಧಾನ ಜಾರಿಗೆ ಬಂದು, ಹೆಣ್ಣು ಗಂಡು ಇಬ್ಬರಿಗೂ ಮತದ ಹಕ್ಕು ಕೊಟ್ಟ ವರ್ಷವೇ ಅದು. ಸೂಚನೆ ಪಾಸಾಗಲಿಲ್ಲ. 1964ರಲ್ಲಿ ಸಿಲೋನಿನ ಕ್ಲಬ್ಬೊಂದು ಮತ್ತೆ ಕೇಳಿತು, ಅದನ್ನು ಹಿಂದಕ್ಕೆ ಪಡೆಯುವಂತಾಯಿತು. ಹೆಂಗಸರಿಗೆ ಗೌರವ ಸದಸ್ಯತ್ವವನ್ನಾದರೂ ಕೊಡೋಣವೆಂಬ ಸೂಚನೆಗಳೂ ಆಗ ಹಾಗೆಯೇ ಮುದುರಿಕೊಂಡವು.

ಕೊನೆಗೆ ಗೋಡೆ ಕೆಡವಿದ್ದು ಕ್ಯಾಲಿಫೋರ್ನಿಯಾದ ಡುಆರ್ಟೆ ಎಂಬ ಸಣ್ಣ ಊರು. ಸದಸ್ಯರು ಕಡಿಮೆಯಾಗಿ ಕ್ಲಬ್ಬು ಸೊರಗುತ್ತಿತ್ತು. 1977ರಲ್ಲಿ ಮೂವರು ಹೆಂಗಸರನ್ನು ಸೇರಿಸಿಕೊಂಡರು. ಮರುವರ್ಷವೇ ಕೇಂದ್ರ ಸಂಸ್ಥೆ ಇಡೀ ಕ್ಲಬ್ಬನ್ನೇ ಹೊರಹಾಕಿತು. ಅವರು ಬಗ್ಗಲಿಲ್ಲ. ತಮ್ಮನ್ನು 'ಮಾಜಿ ರೋಟರಿ ಕ್ಲಬ್' ಎಂದು ಕರೆದುಕೊಂಡು ಸಭೆ ನಡೆಸುತ್ತಲೇ ನ್ಯಾಯಾಲಯಕ್ಕೆ ಹೋದರು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1987ರ ಮೇ 4ರಂದು, ಒಂದು ವಿರೋಧ ಮತವೂ ಇಲ್ಲದೆ, ಡುಆರ್ಟೆಯವರ ಪರ ತೀರ್ಪು ಕೊಟ್ಟಿತು. ಆ ತೀರ್ಪಿನ ಒಂದು ಅಂಶ ನನಗೆ ಬಹಳ ಸ್ವಾರಸ್ಯವೆನಿಸಿತು. ಇದು ನಮ್ಮ ಆಪ್ತ ಗೆಳೆತನದ ಕೂಟ, ಯಾರು ಬರಬೇಕೆಂಬುದು ನಮ್ಮ ಖಾಸಗಿ ವಿಚಾರ ಎಂದು ಸಂಸ್ಥೆ ವಾದಿಸಿತ್ತು. ನಿಮ್ಮ ಸಭೆಗೆ ಬೇರೆ ಊರಿನ ಸದಸ್ಯರು ಬರುತ್ತಾರೆ, ಹೊರಗಿನ ಅತಿಥಿಗಳು ಬರುತ್ತಾರೆ, ಪತ್ರಿಕೆಯವರನ್ನೂ ಬರಮಾಡಿಕೊಳ್ಳುತ್ತೀರಿ, ಇದರಲ್ಲಿ ಖಾಸಗಿ ಎಲ್ಲಿ ಬಂತು ಎಂಬುದು ನ್ಯಾಯಾಲಯದ ಉತ್ತರದ ಸಾರ. ಅತಿಥಿಗಳಿಗೆಂದು ತೆರೆದ ಬಾಗಿಲೇ ಹೆಂಗಸರಿಗೆ ದಾರಿಯಾಯಿತು. ಅದೇ ವರ್ಷ ಡುಆರ್ಟೆ ಕ್ಲಬ್ಬಿನ ಅಧ್ಯಕ್ಷರಾದವರು ಸಿಲ್ವಿಯಾ ವಿಟ್ಲಾಕ್. ರೋಟರಿಯ ಮೊದಲ ಮಹಿಳಾ ಕ್ಲಬ್ ಅಧ್ಯಕ್ಷರು ಅವರೇ. ಅವರ ವೃತ್ತಿ ಕೇಳಿದರೆ ನನ್ನಂಥವರಿಗೆ ಹೆಮ್ಮೆಯಾಗುತ್ತದೆ, ಶಾಲೆಯ ಪ್ರಿನ್ಸಿಪಾಲರು. 1989ರಲ್ಲಿ ಲೋಕದ ಎಲ್ಲ ಕ್ಲಬ್ಬುಗಳ ನಿಯಮದಿಂದಲೂ ಆ ಪದ ಹೋಯಿತು. ಕೆನಡಾದ ಜೆನಿಫರ್ ಜೋನ್ಸ್ 2022ರಲ್ಲಿ ಇಡೀ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು.

ಗಂಡಸರ ಕ್ಲಬ್ಬುಗಳು ಮಾಡಿದ ಕೆಲಸವನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನಕ್ಕೆ 12 ಕೋಟಿ ಡಾಲರ್ ಕೂಡಿಸಲು ಹೊರಟಿತು. 1988ರ ಹೊತ್ತಿಗೆ 24 ಕೋಟಿ 70 ಲಕ್ಷ ಕೂಡಿತ್ತು. ಆಗ ಲೋಕದಲ್ಲಿ ವರ್ಷಕ್ಕೆ ಅಂದಾಜು ಮೂರೂವರೆ ಲಕ್ಷ ಮಕ್ಕಳಿಗೆ ಆ ರೋಗ ತಗಲುತ್ತಿತ್ತು. ನಮ್ಮಲ್ಲಿ ಪಲ್ಸ್ ಪೋಲಿಯೊ ಆರಂಭವಾದದ್ದು 1995ರಲ್ಲಿ. ಆ ಭಾನುವಾರಗಳಂದು ನಮ್ಮ ಶಾಲೆಯ ಜಗಲಿಯೇ ಬೂತ್ ಆಗುತ್ತಿತ್ತು. ಬ್ಯಾನರು ಕ್ಲಬ್ಬಿನದು, ಮಧ್ಯಾಹ್ನದ ಪುಳಿಯೋಗರೆ ಪೊಟ್ಟಣ ಕ್ಲಬ್ಬಿನದು. ಮಗುವಿನ ಬಾಯಿಗೆ ಎರಡು ಹನಿ ಬಿಟ್ಟು ಕಿರುಬೆರಳಿಗೆ ಮಸಿ ಹಚ್ಚುವುದು ಅಂಗನವಾಡಿ ಕಾರ್ಯಕರ್ತೆಯರು, ನರ್ಸಮ್ಮಂದಿರು, ನಮ್ಮಂಥ ಟೀಚರುಗಳು. ಬಾರದ ಮಗುವನ್ನು ಹುಡುಕಿಕೊಂಡು ಸೋಮವಾರ ಮನೆಮನೆ ಸುತ್ತಿದವರೂ ಅವರೇ. "ಜ್ವರ ಐತೆ ಮೇಡಮ್ಮೋರೆ, ಬ್ಯಾಡ" ಎಂದ ತಾಯಿಯನ್ನು ಒಪ್ಪಿಸಲು ಇನ್ನೊಬ್ಬ ತಾಯಿಯೇ ಬೇಕಿತ್ತು. ನಮ್ಮ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ನಾವು ಪೋಲಿಯೊಮುಕ್ತರೆಂದು ಪ್ರಮಾಣಪತ್ರ ಸಿಕ್ಕಿತು. ಹಣ ಕೂಡಿಸಿದವರದೂ, ಹನಿ ಹಾಕಿದವರದೂ ಸೇರಿಯೇ ಆದ ಗೆಲುವು ಅದು.

ಒಳಗೆ ಹೆಂಗಸರಿದ್ದರೆ ಏನು ಬದಲಾಗುತ್ತದೆ ಎಂದು ಕೇಳುವವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಗೆ ಒಂದು ಕ್ಲಬ್ಬು ಹುಡುಗಿಯರ ಶೌಚಾಲಯ ಕಟ್ಟಿಸಿಕೊಟ್ಟಿತು. ಉದ್ಘಾಟನೆಗೆ ಟೇಪು ಕತ್ತರಿಸಿದರು, ಫೋಟೋ ತೆಗೆಸಿದರು, ದಾನಿಗಳ ಹೆಸರಿನ ಕಲ್ಲು ನೆಟ್ಟರು. ನೀರಿನ ಕೊಳಾಯಿ ಮಾತ್ರ ಇರಲಿಲ್ಲ. ವರ್ಷದೊಳಗೆ ಅಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಟ್ಟರು. ಹೊಟ್ಟೆನೋವೆಂದು ಮಧ್ಯಾಹ್ನವೇ ಚೀಲ ಹಿಡಿದು ಹೊರಡುವ ಹುಡುಗಿಯರನ್ನು ನಾವು ಟೀಚರುಗಳು ಏನೂ ಕೇಳದೆ ಕಳಿಸುತ್ತಿದ್ದೆವು. ಕೆಲವು ವರ್ಷಗಳ ಮೇಲೆ ಅದೇ ಕ್ಲಬ್ಬಿಗೆ ಮೂವರು ಹೆಂಗಸರು ಸದಸ್ಯರಾದರು. ಒಬ್ಬರು ಬ್ಯಾಂಕಿನವರು, ಒಬ್ಬರು ಡಾಕ್ಟರು, ಇನ್ನೊಬ್ಬರು ಬೇಕರಿ ನಡೆಸುವವರು. ಶಾಲೆಗೆ ಏನು ಬೇಕೆಂದು ನೋಡಲು ಬಂದಾಗ ಅವರು ಮೊದಲು ತೆಗೆಸಿದ್ದು ಆ ಬಾಗಿಲನ್ನು. "ನೀರೆಲ್ಲಿ ಟೀಚರ್? ಒಳಗಿನಿಂದ ಚಿಲಕ ಇಲ್ಲವಲ್ಲ! ಬಟ್ಟೆ ಎಲ್ಲಿ ಬಿಸಾಡ್ತಾರೆ ಹುಡುಗೀರು?" ಆ ವರ್ಷದ ಹಣ ಒಂದು ತೊಟ್ಟಿಗೆ, ಪೈಪಿಗೆ, ನಾಲ್ಕು ಚಿಲಕಕ್ಕೆ ಹೋಯಿತು. ಉದ್ಘಾಟನೆ ನಡೆಯಲಿಲ್ಲ. ಪೈಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರು ಯಾರು? ಆದರೆ ಮಧ್ಯಾಹ್ನದ ತರಗತಿಯಲ್ಲಿ ಹುಡುಗಿಯರ ಬೆಂಚು ಮೊದಲಿನಷ್ಟು ಖಾಲಿಯಾಗುವುದು ನಿಂತಿತು.

ಈಗ ಪದವೇನೋ ಹೋಗಿದೆ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಹೆಂಗಸರನ್ನು ಸೇರಿಸಿಕೊಂಡು, ಪ್ರಾರ್ಥನೆಗೂ ಸ್ವಾಗತಕ್ಕೂ ಆರತಿ ತಟ್ಟೆಗೂ ಹಚ್ಚುವ ಕ್ಲಬ್ಬುಗಳು ಇನ್ನೂ ಇವೆ. ನಿಮ್ಮ ಊರಿನಲ್ಲಿ ಯಾರಾದರೂ ಬಂದು ಸದಸ್ಯರಾಗಿ ಎಂದು ಕೇಳಿದರೆ ಸಂತೋಷವಾಗಿ ಆಗಿ. ಚಂದಾ ಎಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಮಾತನ್ನೂ ಕೇಳಿ, ಕೂಡಿದ ಹಣ ಯಾವುದಕ್ಕೆ ಹೋಗಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಎಷ್ಟು ಜನ ಹೆಂಗಸರಿದ್ದಾರೆ?