ತಲೆಮಾರು, ವಂಶ, ಸಂತತಿ: ಒಂದು ಶಬ್ದವಿಚಾರ

ಹಿರಿಯರಿಂದ ಕಿರಿಯರವರೆಗೆ ಸಾಗಿಬಂದ ಮಾನವಕುಲದ ಕ್ರಮವನ್ನು ಸೂಚಿಸಲು ಕನ್ನಡದಲ್ಲಿ ತಲೆಮಾರು, ಪೀಳಿಗೆ, ವಂಶ, ಸಂತತಿ, ಅನ್ವಯ, ಪರಂಪರೆ ಮೊದಲಾದ ಶಬ್ದಗಳು ಬಳಕೆಯಲ್ಲಿವೆ. ಮೇಲುನೋಟಕ್ಕೆ ಇವೆಲ್ಲ ಸಮಾನಾರ್ಥಕಗಳೆಂದು ತೋರಿದರೂ ಇವುಗಳ ಮೂಲ ಬೇರೆ, ಬಳಕೆಯ ಇತಿಹಾಸ ಬೇರೆ. ಅದನ್ನರಿಯದೆ ಶಾಸನಗಳನ್ನೋದುವವರು ಗುರುಶಿಷ್ಯರ ಸಾಲನ್ನು ತಂದೆಮಕ್ಕಳ ಸಾಲೆಂದು ಭ್ರಮಿಸುವ ಸಂಭವವುಂಟು.

‘ತಲೆಮಾರು’ ದೇಶ್ಯಶಬ್ದ. ಅದರ ಮೊದಲ ಪದವಾದ ‘ತಲೆ’ ಇಲ್ಲಿ ವ್ಯಕ್ತಿಯನ್ನು ಸೂಚಿಸುತ್ತದೆ. ತಮಿಳಿನ ‘ತಲೈಮುಱೈ’, ಮಲೆಯಾಳದ ‘ತಲಮುಱ’ ಎಂಬ ಶಬ್ದಗಳೂ ಇದೇ ಪದದಿಂದ ಮೊದಲಾಗುತ್ತವೆ. ಸಂಸ್ಕೃತದಿಂದ ಬಂದವುಗಳಲ್ಲಿ ‘ವಂಶ’ವೆಂದರೆ ಬಿದಿರು, ಗೆಣ್ಣಿನ ಮೇಲೆ ಗೆಣ್ಣಾಗಿ ಬೆಳೆಯುವ ಬಿದಿರು ಕುಲಕ್ರಮಕ್ಕೆ ಒಪ್ಪುವ ಉಪಮಾನ. ‘ಸಂತತಿ’ಯ ಮೂಲ ಹರಡು, ಚಾಚು ಎಂಬರ್ಥದ ‘ತನ್’ ಧಾತು. ಎಳೆಯೆಂಬ ಅರ್ಥದ ‘ತಂತು’ವೂ ಅದರಿಂದಲೇ ಹುಟ್ಟಿದೆ. ‘ಅನ್ವಯ’ವೆಂದರೆ ಹಿಂಬಾಲಿಸಿ ಬರುವುದು, ‘ಪರಂಪರೆ’ಯೆಂದರೆ ಒಂದಾದ ಮೇಲೊಂದು ಬರುವುದು. ಈ ಮೂಲಾರ್ಥಗಳಲ್ಲಿ ಎಲ್ಲಿಯೂ ರಕ್ತಸಂಬಂಧದ ನಿಬಂಧನೆಯಿಲ್ಲವೆಂಬುದು ಗಮನಾರ್ಹ.

ಆದಕಾರಣವೇ ಈ ಶಬ್ದಗಳು ವಿದ್ಯೆಯ ಸಂಬಂಧಕ್ಕೂ ಸಲ್ಲುವಂತಾದುವು. ಬೃಹದಾರಣ್ಯಕೋಪನಿಷತ್ತಿನಲ್ಲಿ ಬರುವ ಆಚಾರ್ಯರ ಪಟ್ಟಿಗಳಿಗೆ ‘ವಂಶ’ವೆಂದೇ ಹೆಸರು, ಕಡೆಯ ಪಟ್ಟಿಯಲ್ಲಿ ಅನೇಕ ಆಚಾರ್ಯರು ತಾಯಂದಿರ ಹೆಸರಿನಿಂದ ನಿರ್ದಿಷ್ಟರಾಗಿದ್ದಾರೆ. ಪಾಣಿನಿಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿಯೂ ವಿದ್ಯೆಯಿಂದಾಗುವ ವಂಶ, ಜನ್ಮದಿಂದಾಗುವ ವಂಶ ಎಂಬ ಎರಡು ಬಗೆಗಳನ್ನು ಹೇಳುತ್ತದೆ.

ಕರ್ನಾಟಕದ ಶಾಸನಗಳು ಇದಕ್ಕೆ ಸ್ಪಷ್ಟ ನಿದರ್ಶನ. ಜೈನ ಮುನಿಗಳು ತಮ್ಮನ್ನು ಕೊಂಡಕುಂದಾನ್ವಯದವರೆಂದು ಕರೆದುಕೊಂಡರು. ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖ ಯತಿಗಳನ್ನು 12ನೆಯ ಶತಮಾನದ ಶಾಸನಗಳು ‘ಮೂವರಕೋಣೆಯ ಸಂತತಿ’ಗೆ ಸೇರಿಸುತ್ತವೆ. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ ಎಂಬ ಸಾಲಿನಲ್ಲಿ ಒಬ್ಬನಿಂದೊಬ್ಬನಿಗೆ ಸಂದುದು ಶಿಷ್ಯತ್ವ. ಸಂತಾನವಿಲ್ಲದ ಸಂನ್ಯಾಸಿಗಳಿಗೂ ಸಂತತಿಯುಂಟೆಂಬ ಮಾತು ಅಂದಿನ ಜನರಿಗೆ ವಿರೋಧಾಭಾಸವಾಗಿ ತೋರಲಿಲ್ಲ.

ಅದೇ ಶತಮಾನದ ಶರಣರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ತಮಿಳುನಾಡಿನ ಅರುವತ್ತುಮೂವರು ಶಿವಭಕ್ತರನ್ನು ‘ಪುರಾತನ’ರೆಂದು ಕರೆದು ತಮ್ಮ ಹಿರಿಯರ ಸ್ಥಾನದಲ್ಲಿಟ್ಟುಕೊಂಡುದು ಈ ಪರಂಪರೆಯ ವಿಶೇಷ. ದೀಕ್ಷೆಯೇ ಮರುಹುಟ್ಟು ಎಂಬ ಭಾವದಿಂದ ಶಿಷ್ಯನು ‘ಗುರುಕರಜಾತ’ನೆನಿಸಿದನು. ಬ್ರಾಹ್ಮಣಕುಲದಲ್ಲಿ ಹುಟ್ಟಿದ ಬಸವಣ್ಣನವರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಂದೆಯ ಸ್ಥಾನದಲ್ಲಿ ಕಂಡು, ಆ ಸಂಬಂಧವನ್ನು ವಚನದಲ್ಲಿ ಸಾರಿದರು. ಕಾಳಾಮುಖರಲ್ಲಿ ಮಠದ ಗುರುಕ್ರಮಕ್ಕೆ ಸಂದಿದ್ದ ಬಾಂಧವ್ಯದ ಭಾಷೆ ಇಲ್ಲಿ ಜಾತಿಯ ಗೋಡೆಯನ್ನು ದಾಟಿತು.

ಹೀಗೆ ಈ ಶಬ್ದಗಳ ಇತಿಹಾಸ ಕೇವಲ ನಿಘಂಟಿನ ವಿಷಯವಲ್ಲ. ಹಿರಿಯರು ಯಾರೆಂಬ ಪ್ರಶ್ನೆಗೆ ಜನ್ಮವೊಂದೇ ಉತ್ತರವಾಗಿರಲಿಲ್ಲವೆಂಬುದಕ್ಕೆ ಅವು ಸಾಕ್ಷಿ.